ಪುಟದ ಭಾರ ಹೊರುವವರು ಯಾರು?

ವೆಬ್ ಆ್ಯಪ್ ಕಟ್ಟುವುದನ್ನು ಕಲಿಯಲು ಹೊರಟವರಿಗೆ ಹಲವು ವರ್ಷ ಒಂದೇ ಹೆಬ್ಬಾಗಿಲಿತ್ತು. 2016ರಲ್ಲಿ ಬಂದ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ಗೆ ಒಂದು ಸಾಲಿನ ಕಮಾಂಡ್ ಕೊಟ್ಟರೆ ಆ್ಯಪಿನ ಚೌಕಟ್ಟು ತಯಾರು. ಯೂಟ್ಯೂಬ್ ಪಾಠಗಳೂ ಕೋಚಿಂಗ್ ಕ್ಲಾಸುಗಳೂ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತಿದ್ದವು. 2025ರ ಫೆಬ್ರುವರಿಯಲ್ಲಿ ರಿಯಾಕ್ಟ್ ತಂಡವೇ ಆ ಬಾಗಿಲು ಮುಚ್ಚಿತು. ಹೊಸ ಆ್ಯಪಿಗೆ ನೆಕ್ಸ್ಟ್‌ಜೆಎಸ್‌ನಂಥ ಫ್ರೇಮ್‌ವರ್ಕ್ ಹಿಡಿಯಿರಿ, ಅದು ಹೊಂದದಿದ್ದರೆ ವೀಟ್‌ನಂಥ ಬಿಲ್ಡ್ ಟೂಲ್ ಬಳಸಿ ಎಂದಿತು. ಈಗ ಚರ್ಚೆಯೆಲ್ಲ ಯಾವುದನ್ನು ಇನ್‌ಸ್ಟಾಲ್ ಮಾಡಬೇಕೆಂಬುದರ ಸುತ್ತ. ಕಟ್ಟಲಿರುವ ಪುಟಕ್ಕೆ ಇದೆಲ್ಲ ಎಷ್ಟು ಬೇಕು ಎಂದು ಕೇಳುವವರು ಕಡಿಮೆ.

ರಿಯಾಕ್ಟ್ ಗೆದ್ದದ್ದು ಸುಮ್ಮನೆ ಅಲ್ಲ. ಫೇಸ್‌ಬುಕ್‌ನ ಎಂಜಿನಿಯರ್ ಜೋರ್ಡನ್ ವಾಕ್ ಬರೆದ ಈ ಲೈಬ್ರರಿ 2013ರ ಮೇ ತಿಂಗಳಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದಕ್ಕೂ ಮೊದಲು 2006ರಲ್ಲಿ ಬಂದ ಜೆಕ್ವೆರಿಯದೇ ರಾಜ್ಯಭಾರ. ಅರ್ಜಿ ನಮೂನೆಯೊಂದರಲ್ಲಿ ಜಿಲ್ಲೆ ಬದಲಿಸಿದರೆ ತಾಲ್ಲೂಕುಗಳ ಪಟ್ಟಿ ಬದಲಾಗಬೇಕು, ಮೊದಲೇ ಆರಿಸಿದ್ದ ಹೋಬಳಿ ಅಳಿಯಬೇಕು, ‘ಸಲ್ಲಿಸಿ’ ಬಟನ್ ಮತ್ತೆ ಮಂಕಾಗಬೇಕು. ಜೆಕ್ವೆರಿಯಲ್ಲಿ ಈ ಒಂದೊಂದನ್ನೂ ಪ್ರೋಗ್ರಾಮರೇ ನೆನಪಿಟ್ಟು ಹೇಳಬೇಕಿತ್ತು. ಒಂದನ್ನು ಮರೆತರೆ ಬೀದರ್ ಜಿಲ್ಲೆಯ ಕೆಳಗೆ ಮಡಿಕೇರಿ ತಾಲ್ಲೂಕು ಉಳಿದುಬಿಡುತ್ತದೆ. ರಿಯಾಕ್ಟ್ ಈ ಕೆಲಸವನ್ನು ತಲೆಕೆಳಗು ಮಾಡಿತು: ಸದ್ಯ ಆರಿಸಿರುವ ಜಿಲ್ಲೆ ಯಾವುದೆಂಬ ಮಾಹಿತಿಯನ್ನು ಒಂದೇ ಕಡೆ ಇಡಿ, ಆ ಮಾಹಿತಿ ಹೀಗಿದ್ದಾಗ ಪರದೆ ಹೇಗಿರಬೇಕೆಂದು ಬರೆಯಿರಿ, ತಿದ್ದುಪಡಿಯ ತಾಪತ್ರಯ ನನಗಿರಲಿ. ಹೀಗೆ ಬರೆದ ತುಣುಕೇ ಕಾಂಪೊನೆಂಟ್. ಜಾವಾಸ್ಕ್ರಿಪ್ಟ್ ಒಳಗೆ ಎಚ್‌ಟಿಎಂಎಲ್‌ನಂಥದ್ದನ್ನು ಬೆರೆಸುವ ಅದರ ಬರವಣಿಗೆ ಕಂಡು ಆರಂಭದಲ್ಲಿ ನಕ್ಕವರು ಬಹಳ. ನಕ್ಕವರಲ್ಲಿ ಎಷ್ಟೋ ಮಂದಿ ಆಮೇಲೆ ಅದರಲ್ಲೇ ಅನ್ನ ಸಂಪಾದಿಸಿದರು.

ಈ ಅನುಕೂಲಕ್ಕೆ ಬೆಲೆ ಇದೆ, ಅದನ್ನು ತೆರುವವರು ಬೇರೆ. ಹಳೆಯ ಪದ್ಧತಿಯಲ್ಲಿ ಪುಟ ತಯಾರಾಗುವುದು ಸರ್ವರ್‌ನಲ್ಲಿ. ಪೂರ್ತಿ ಬ್ರೌಸರ್‌ನಲ್ಲೇ ನಡೆಯುವ ಆ್ಯಪಿನಲ್ಲಾದರೆ ಮೊದಲು ಬರುವುದು ಹೆಚ್ಚುಕಡಿಮೆ ಖಾಲಿ ಪುಟ. ಬಳಿಕ ಸ್ಕ್ರಿಪ್ಟ್ ಇಳಿಯಬೇಕು, ಫೋನಿನ ಪ್ರೊಸೆಸರ್ ಅದನ್ನು ಓದಿ ಓಡಿಸಬೇಕು, ಅದು ಮತ್ತೆ ಸರ್ವರ್‌ಗೆ ಹೋಗಿ ಮಾಹಿತಿ ತರಬೇಕು. ಆಮೇಲಷ್ಟೇ ಮೊದಲ ಅಕ್ಷರ ಕಾಣುವುದು. ವೈಟ್‌ಫೀಲ್ಡಿನ ಆಫೀಸಿನಲ್ಲಿ ಫೈಬರ್ ಸಂಪರ್ಕದಲ್ಲಿ ಕೂತು ಹೊಸ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವವರಿಗೆ ಈ ಕಾಯುವಿಕೆ ಗೊತ್ತಾಗುವುದಿಲ್ಲ. ಅಗ್ಗದ ಆಂಡ್ರಾಯ್ಡ್ ಫೋನ್ ಹಿಡಿದು ಪಶ್ಚಿಮಘಟ್ಟದ ಯಾವುದೋ ತಿರುವಿನಲ್ಲಿ ಸಿಗ್ನಲ್ ಹುಡುಕುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಇದು ಬರೀ ನಮ್ಮ ಬಡತನದ ಮಾತೆಂದು ತಳ್ಳಿಹಾಕಬೇಡಿ. ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ 2013ರಲ್ಲಿ ಲೆಕ್ಕ ಹಾಕಿದಾಗ, ತನ್ನ ಜಾಲತಾಣಕ್ಕೆ ಬಂದವರಲ್ಲಿ ಶೇ 1.1ರಷ್ಟು ಮಂದಿಗೆ ಜಾವಾಸ್ಕ್ರಿಪ್ಟ್‌ನ ಪ್ರಯೋಜನ ತಲುಪಿರಲಿಲ್ಲ. ಬ್ರೌಸರ್‌ನಲ್ಲಿ ಅದನ್ನು ಬಂದ್ ಮಾಡಿಕೊಂಡವರು, ಆ ಸೌಲಭ್ಯವೇ ಇಲ್ಲದವರು ಇವರಲ್ಲಿ ಕೇವಲ ಶೇ 0.2. ಉಳಿದ ಶೇ 0.9ರಷ್ಟು ಮಂದಿಯ ಬ್ರೌಸರ್ ಸರಿಯಾಗಿಯೇ ಇತ್ತು. ಆ ಹೊತ್ತಿಗೆ ಸ್ಕ್ರಿಪ್ಟ್ ಮಾತ್ರ ಕೆಲಸ ಮಾಡಿರಲಿಲ್ಲ. ಕೋಟಿಗಟ್ಟಲೆ ಅರ್ಜಿ ಬರುವ ಯೋಜನೆಯೊಂದರಲ್ಲಿ ಶೇ 1 ಎಂದರೆ ಲಕ್ಷ ಮಂದಿ.

ರಿಯಾಕ್ಟ್ ಬಳಗಕ್ಕೂ ಇದು ಗೊತ್ತು. ಆದ್ದರಿಂದಲೇ ಪುಟದ ತಯಾರಿಯನ್ನು ಮರಳಿ ಸರ್ವರ್‌ಗೆ ಒಯ್ಯುವ ‘ಸರ್ವರ್ ಕಾಂಪೊನೆಂಟ್’ ಬಂದಿದೆ. ಆದರೆ ಜಾಣ್ಮೆಯ ಮೇಲೆ ಜಾಣ್ಮೆ ಪೇರಿಸಿದಷ್ಟೂ ಬಿರುಕು ಹೆಚ್ಚು. 2025ರ ಡಿಸೆಂಬರ್‌ನಲ್ಲಿ ಇದೇ ಭಾಗದಲ್ಲಿ ಬಯಲಾದ ಭದ್ರತಾ ಲೋಪಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಅಂಕ ಸಿಕ್ಕಿತು. ಲಾಗಿನ್ ಆಗದೆಯೇ ದೂರದಿಂದ ಸರ್ವರ್ ಮೇಲೆ ತಮ್ಮ ಕೋಡ್ ಓಡಿಸಲು ದಾಳಿಕೋರರಿಗೆ ಅದು ದಾರಿ ಮಾಡಿಕೊಡುತ್ತಿತ್ತು.

ಇದರ ಮೇಲೆ ಸಿದ್ಧ ಬಟನ್, ಸಿದ್ಧ ಕ್ಯಾಲೆಂಡರ್‌ಗಳ ಕಟ್ಟು ಬೇರೆ. ಪರರ ಅಡುಗೆಮನೆಯಿಂದ ಊಟ ತರಿಸಿಕೊಂಡರೆ ಅವರು ಹಾಕಿದ ಉಪ್ಪೇ ನಮ್ಮದೂ. ಚೀನಾದ ಆ್ಯಂಟ್ ಗ್ರೂಪ್‌ನ ‘ಆ್ಯಂಟ್ ಡಿಸೈನ್’ 2018ರ ಡಿಸೆಂಬರ್ 25ರಂದು ಅದನ್ನು ಬಳಸುತ್ತಿದ್ದ ತಾಣಗಳ ಬಟನ್‌ಗಳ ಮೇಲೆ ತಾನಾಗಿಯೇ ಹಿಮ ಸುರಿಸಿತ್ತು. ಯಾರೋ ಕೋಡ್‌ನಲ್ಲಿ ಅಡಗಿಸಿಟ್ಟ ಕ್ರಿಸ್‌ಮಸ್ ತಮಾಷೆ ಅದು. ತಮಾಷೆಯ ಸುಳಿವೇ ಇಲ್ಲದ ಪ್ರೋಗ್ರಾಮರ್‌ಗಳು ತಮ್ಮ ಕಂಪನಿಗೆ ವಿವರಣೆ ಕೊಡಬೇಕಾಗಿ ಬಂತು.

ಕನ್ನಡದ ಫಜೀತಿ ಇನ್ನೊಂದು ಬಗೆಯದು. ಇಂಥ ಲೈಬ್ರರಿಗಳು ಹೆಚ್ಚಾಗಿ ರೋಮನ್ ಅಥವಾ ಚೀನಿ ಲಿಪಿಯನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದವು. ಬಟನ್ನಿನ ಎತ್ತರ, ಸಾಲಿನ ಎತ್ತರಗಳನ್ನು ಬಿಗಿಯಾಗಿ ನಿಗದಿ ಮಾಡಿದ ಕಡೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ‘ರಾಷ್ಟ್ರ’ ನಮಗೆ ಎರಡಕ್ಷರವಾದರೂ ಜಾವಾಸ್ಕ್ರಿಪ್ಟ್ ಎಣಿಸುವುದು ಏಳೆಂದು. ಹೆಸರಿಗೆ 20 ಅಕ್ಷರ ಸಾಕೆಂದು ಮಿತಿ ಹಾಕಿದ ನಮೂನೆಯಲ್ಲಿ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ. ಲೈಬ್ರರಿ ಆರಿಸುವ ದಿನವೇ ಒಂದು ಬಟನ್, ಒಂದು ಇನ್‌ಪುಟ್ ಬಾಕ್ಸ್‌ನಲ್ಲಿ ಕನ್ನಡ ಹಾಕಿ ನೋಡಿದರೆ ಇದು ಗೊತ್ತಾಗುತ್ತದೆ. ಆ್ಯಪ್ ಮುಗಿದ ಮೇಲೆ ಅನುವಾದದವರ ಕೈಗೆ ಕೊಟ್ಟರೆ ತಿದ್ದಲು ಆಗುವುದಿಲ್ಲ.

ಹಾಗಾದರೆ ಕಲಿಯುವುದು ಬೇಡವೇ? ಖಂಡಿತ ಬೇಕು, ಕೆಲಸದ ಮಾರುಕಟ್ಟೆಯೂ ಕೇಳುತ್ತದೆ. ನನ್ನ ತಕರಾರು ಕ್ರಮದ ಬಗ್ಗೆ. ಮೊದಲು ಬರೀ ಎಚ್‌ಟಿಎಂಎಲ್‌ನಲ್ಲಿ ಅರ್ಜಿ ನಮೂನೆ ಬರೆಯಿರಿ, ಸ್ಕ್ರಿಪ್ಟ್ ಇಲ್ಲದೆಯೂ ಅದು ಸಲ್ಲಿಕೆಯಾಗಲಿ. ಆಮೇಲೆ ಜಿಲ್ಲೆ–ತಾಲ್ಲೂಕಿನ ಆಯ್ಕೆಯಷ್ಟಕ್ಕೆ ರಿಯಾಕ್ಟ್ ಕೂರಿಸಿ. ಇರುವ ಪುಟದ ಒಂದು ಮೂಲೆಯಲ್ಲಿ ಮಾತ್ರ ಅದನ್ನು ಬಳಸಲು ಬರುತ್ತದೆ. ಅಧಿಕೃತ ಕೈಪಿಡಿಯಲ್ಲೇ ಅದರ ವಿವರಣೆಯಿದೆ. ಕ್ರೋಮ್‌ನ ಡೆವಲಪರ್ ಟೂಲ್‌ನಲ್ಲಿ ನೆಟ್‌ವರ್ಕ್ ವೇಗ ತಗ್ಗಿಸಿ, ಎರಡು ರೂಪಗಳನ್ನೂ ತೆರೆದು ನೋಡಿ. ಕೋಚಿಂಗ್ ಕ್ಲಾಸುಗಳಿಗೆ ಈ ಕ್ರಮ ಒಗ್ಗಲಿಕ್ಕಿಲ್ಲ. ಅವರ ಸಿಲೆಬಸ್ ನಡೆಯುವುದು ಸಂದರ್ಶನದ ಪ್ರಶ್ನೆಗಳ ಹಿಂದೆ. ಆದರೆ ಸರ್ಕಾರಿ ಇಲಾಖೆಗಳಿಗೆ ಆ ನೆಪವಿಲ್ಲ. ಪೋರ್ಟಲ್‌ನ ಟೆಂಡರ್ ಕರೆಯುವಾಗ, ಮೊದಲ ಪುಟ ಇಷ್ಟು ಕಿಲೋಬೈಟ್ ಮೀರಬಾರದು, ಸ್ಕ್ರಿಪ್ಟ್ ಕೈಕೊಟ್ಟರೂ ಅರ್ಜಿ ಸಲ್ಲಿಸಲು ಬರಬೇಕು ಎಂಬ ಎರಡು ಷರತ್ತು ಸೇರಿಸುವುದು ಅವರ ಕೈಯಲ್ಲೇ ಇದೆ.