ನಾರಾಯಣನ ಲೆಕ್ಕ, ನಮ್ಮ ಲೆಕ್ಕ

ಖಾಲಿದಿಯಾದ ರೂಮಿನಲ್ಲಿ ನಾವು ಈಚೆಗೆ ಎರಡು ಮಲಯಾಳಂ ಸಿನಿಮಾ ನೋಡಿದೆವು. 2024ರ ‘ಆಡುಜೀವಿತಂ’ನಲ್ಲಿ ಮರುಭೂಮಿಯ ಆಡಿನ ಹಟ್ಟಿಯಲ್ಲಿ ಸಿಕ್ಕಿಬಿದ್ದ ನಜೀಬನನ್ನು ಕಂಡು ಕಣ್ಣೀರು ಬಂತು. ಆದರೆ ನಿದ್ದೆ ಕೆಡಿಸಿದ್ದು 2015ರ ‘ಪತ್ತೇಮಾರಿ’. ಸಲೀಂ ಅಹಮದ್ ನಿರ್ದೇಶನ, ಮಮ್ಮೂಟ್ಟಿ ನಟನೆ.

ಉರುವಿನಲ್ಲಿ ಗಲ್ಫಿಗೆ ಬಂದ ನಾರಾಯಣ ಇಲ್ಲಿನ ಕಷ್ಟ ಊರಿಗೆ ಹೇಳುವುದಿಲ್ಲ. ದುಡಿದದ್ದನ್ನೆಲ್ಲ ಕಳಿಸುತ್ತಾನೆ, ಸ್ವಂತಕ್ಕೆಂದು ಏನೂ ಇಟ್ಟುಕೊಳ್ಳುವುದಿಲ್ಲ. ನಜೀಬನಂಥವರು ನಮ್ಮಲ್ಲಿ ಕಡಿಮೆ, ನಾರಾಯಣರು ರೂಮಿಗೊಬ್ಬರು.

ಲೆಕ್ಕ ಬರೆಯುವ ನಮಗೆ ಅನ್ನಿಸುವುದು ಇಷ್ಟೇ: ಈ ಸಿನಿಮಾ ನಾವು ನೋಡಿದರೆ ಸಾಲದು, ಊರಲ್ಲಿ ಮನೆಯವರೂ ನೋಡಬೇಕು. ಆಮೇಲೆ ಸಂಬಳವೆಷ್ಟು, ಸಾಲವೆಷ್ಟು, ನಾಳೆ ಊರಿಗೆ ಮರಳಿದರೆ ಕೈಯಲ್ಲಿ ಉಳಿಯುವುದೆಷ್ಟು ಅಂತ ಫೋನಿನಲ್ಲಿ ಬಿಚ್ಚಿ ಮಾತಾಡಬೇಕು. ಮನೆಗೆ ಇನ್ನೊಂದು ಮಾಳಿಗೆ ಎಬ್ಬಿಸುವ ಮೊದಲೇ ಈ ಮಾತು ಆಗಲಿ.