ಆಯೇರಿ ನಮ್ಮ ಕೈಯದಾಗಲಿ

ಮದುವೆಯ ಹಂಗಾಮು ಬಂದಿತೆಂದರೆ ಅಂಗಡಿಯಿಂದ ಸ್ಟೀಲಿನ ಪಾತ್ರೆ, ಗೋಡೆಯ ಗಡಿಯಾರ ತಂದು ಆಯೇರಿ ಮಾಡುವುದು ರೂಢಿಯಾಗಿದೆ. ಒಂದೇ ಮನೆಗೆ ನಾಲ್ಕು ಗಡಿಯಾರ ಬಂದುದನ್ನು ನಾನು ಕಂಡಿದ್ದೇನೆ. ನಾವೇ ಹೊಲಿದ ಒಂದು ಜೊತೆ ತಲೆದಿಂಬಿನ ಚೀಲ ಇವೆಲ್ಲಕ್ಕಿಂತ ಮೇಲೆಂಬುದು ನನ್ನ ಅಭಿಪ್ರಾಯ.

ಚಾದರಕ್ಕೆ ಹೆಸರಾದ ಸೊಲ್ಲಾಪುರ ಸೀಮೆಯವರಾದ ನಮಗೆ ಅರಿವೆಯ ಬರವಿಲ್ಲ. ಹತ್ತಿಯ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಬೇಕು. ಇಲ್ಲವಾದರೆ ಚೀಲವು ತೊಳೆದಾಗ ಕುಗ್ಗಿ ದಿಂಬಿಗೆ ಬಿಗಿಯಾದೀತು. ಮೂಲೆಗೊಂದು ಕಸೂತಿಯ ತೇರೋ ಗೋಪುರವೋ ಇರಲಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಂತೂ ಒಳಗೂ ಹೊರಗೂ ಒಂದೇ ರೂಪ.

ಹೆಸರನ್ನು ಮಾತ್ರ ಕನ್ನಡದಲ್ಲಿಯೇ ಹೊಲಿಯಿರಿ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಮರಾಠಿ ಮನೆಗಳಿಗೆ ಸೊಸೆಯಾಗಿ ಹೋಗುತ್ತಾರೆ. ಅಲ್ಲಿ ಅವರ ಕಣ್ಣಿಗೆ ಕನ್ನಡ ಅಕ್ಷರ ಬೀಳುವುದೇ ಅಪರೂಪ. ನನ್ನ ತಂಗಿಯ ಮದುವೆಗೆ ನಾನೇ ಚೀಲ ಹೊಲಿದು ಅವಳ ಹೆಸರು ಬರೆದಿದ್ದೆ. ಒತ್ತಕ್ಷರ ಸೊಟ್ಟಾಗಿತ್ತು, ಎಲ್ಲರೂ ನಕ್ಕರು. ಚೀಲ ಹರಿದ ಮೇಲೆ ಅವಳು ಆ ಹೆಸರಿನ ತುಂಡನ್ನು ಕತ್ತರಿಸಿ ಕೌದಿಗೆ ಹಚ್ಚಿದಳು. ಮರಾಠಿ ಶಾಲೆಗೆ ಹೋಗುವ ಅವಳ ಮಗಳು ಅದೇ ಸೊಟ್ಟ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕನ್ನಡ ಓದಲು ಕಲಿತಳು. ಯಾವ ಗಡಿಯಾರ ಇಷ್ಟು ಮಾಡೀತು?

ಹೊಲಿಗೆ ಹುಡುಗಿಯರ ಕೆಲಸವೆಂದು ಹುಡುಗರು ಹಿಂದೆ ಸರಿಯಬಾರದು. ನಮ್ಮ ಪೇಟೆಯಲ್ಲಿ ಅಂಗಿ ಹೊಲಿಯುವ ಸಿಂಪಿಗರು ಗಂಡಸರೇ ಅಲ್ಲವೆ? ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ಬೇಸಿಗೆಯ ರಜೆಯಲ್ಲಿ ಮಕ್ಕಳ ಕೈಗೆ ಸೂಜಿ-ದಾರ ಕೊಡಿರಿ. ಅಕ್ಷರ ಸೊಟ್ಟಾದರೆ ಬಿಚ್ಚಿಸಬೇಡಿರಿ.