‘ನಾನ್ಯಾರು ಹೇಳು?’ ಎಂದು ಕೇಳಬೇಡಿ

ಕುಣಿಗಲ್‌ನ ಮದುವೆಯೊಂದರಲ್ಲಿ ಹಿರಿಯ ಬಂಧುವೊಬ್ಬರು ನನ್ನ ಅಣ್ಣನ ಕೈಹಿಡಿದು, ‘ನಾನ್ಯಾರು ಹೇಳು ನೋಡೋಣ?’ ಎಂದರು. ಸುತ್ತಲಿದ್ದವರು ನಕ್ಕರು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರದ ಲೆಕ್ಕವನ್ನು ಕಾಗದ ಮುಟ್ಟದೆ ಒಪ್ಪಿಸುತ್ತಿದ್ದ ಅಣ್ಣ ತಲೆ ತಗ್ಗಿಸಿದರು. ಆಗ ಅವರಿಗೆ 54 ವರ್ಷ.

ಮರೆವು ಮುಪ್ಪಿಗೆ ಮಾತ್ರ ಸೇರಿದ್ದೆಂದು ನಾವು ನಂಬಿದ್ದೇವೆ. ಆದ್ದರಿಂದಲೇ ನಡುವಯಸ್ಸಿನವರು ದಾರಿ ತಪ್ಪಿದರೆ ಕುಡಿತ, ಲೆಕ್ಕ ತಪ್ಪಿದರೆ ಬೇಜವಾಬ್ದಾರಿ, ಸಿಡುಕಿದರೆ ಅಹಂಕಾರ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಮೊದಲ ಎರಡು ವರ್ಷ ಮನೆಯವರಾದ ನಾವೂ ಮಾಡಿದ್ದು ಇದನ್ನೇ.

ವೈದ್ಯ ಅಲಾಯ್ಸ್ ಅಲ್ಜೈಮರ್ 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಪರೀಕ್ಷಿಸಿದ ಆಗುಸ್ಟೆ ಡೆಟರ್ ಅವರಿಗೆ ಕೇವಲ 51 ವರ್ಷ. ಅವರ ಹೆಸರಿನ ಕಾಯಿಲೆಯ ಚರಿತ್ರೆ ಆರಂಭವಾಗುವುದೇ ಈ ಮಹಿಳೆಯಿಂದ. ಆದರೂ ಡಿಮೆನ್ಷಿಯಾ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ವೃದ್ಧರು. ನಮ್ಮ ದೇಶದಲ್ಲಿ ಸುಮಾರು 88 ಲಕ್ಷ ಮಂದಿಗೆ ಈ ತೊಂದರೆಯಿದೆ ಎಂಬ 2023ರ ಅಂದಾಜು ಕೂಡ 60 ದಾಟಿದವರದು. ಅಣ್ಣನಂಥವರು ಆ ಲೆಕ್ಕದಲ್ಲಿಲ್ಲ. ಹಿರಿಯ ನಾಗರಿಕರ ಸವಲತ್ತುಗಳಿಗೂ ಸಲ್ಲುವುದಿಲ್ಲ. ಆದರೆ ಮಕ್ಕಳ ಓದು, ಅಂಗಡಿಯ ಸಾಲ, ಮನೆಯ ಸಂಪಾದನೆ ಎಲ್ಲವೂ ಅವರ ಹೆಗಲ ಮೇಲೆಯೇ ಇರುವ ವಯಸ್ಸದು.

ತಡಮಾಡಿದ್ದಕ್ಕೆ ನನಗಿಂದು ಪಶ್ಚಾತ್ತಾಪವಿದೆ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆಯಿದೆ. ಯಾವುದೆಂದು ತಿಳಿಯಲು ಪರೀಕ್ಷೆ ಬೇಕು. ಅದಕ್ಕಾಗಿ ನಾವು ಗುಬ್ಬಿಯಿಂದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಅಲೆದೆವು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳ ಬಾಗಿಲಿಗೂ ಬರಬೇಕು. ನಡುವಯಸ್ಸಿನವರ ಮರೆವನ್ನು ಅಲ್ಲಿನ ವೈದ್ಯರು ಹಗುರವಾಗಿ ಕಾಣಬಾರದು.

ಸರ್ಕಾರದಿಂದ ಆಗಬೇಕಾದ್ದು ಇದು. ನೆರೆಹೊರೆಯವರಿಂದ, ನೆಂಟರಿಷ್ಟರಿಂದ ನಾನು ಬೇಡುವುದು ಇನ್ನೂ ಸಣ್ಣದು. ಅಣ್ಣನ ಬಗ್ಗೆ ಅವರ ಎದುರಿನಲ್ಲೇ ನನ್ನೊಡನೆ ಮಾತನಾಡಬೇಡಿ. ‘ಅಯ್ಯೋ ಪಾಪ’ ಎನ್ನಬೇಡಿ. ಅತ್ತಿಗೆ ಆಸ್ಪತ್ರೆಗೆ ಹೊರಟ ದಿನ ಒಂದು ಗಂಟೆ ಅಣ್ಣನ ಜೊತೆ ಕೂತುಕೊಳ್ಳಿ.

ಕಳೆದ ತಿಂಗಳು ತುಮಕೂರಿನ ಬಸ್ ನಿಲ್ದಾಣದಲ್ಲಿ ಅಣ್ಣ ಗೊಂದಲಗೊಂಡು ನಿಂತಿದ್ದರು. ನಾನು ಹುಡುಕಿ ಬರುವಷ್ಟರಲ್ಲಿ ಯಾರೋ ಪಕ್ಕದಲ್ಲಿದ್ದರು. ‘ನಾನು ನಿಮ್ಮ ಹಳೆಯ ಗಿರಾಕಿ, ನಿಮ್ಮಲ್ಲಿ ಕೊಬ್ಬರಿ ಕೊಳ್ಳುತ್ತಿದ್ದೆ’ ಎಂದು ತಾವೇ ಹೆಸರು ಹೇಳಿ ಚಹಾ ಕೊಡಿಸುತ್ತಿದ್ದರು. ಅಣ್ಣನಿಗೆ ಅವರ ಗುರುತು ಸಿಕ್ಕಿತೋ ಇಲ್ಲವೋ ಕಾಣೆ. ತಲೆಯನ್ನಂತೂ ತಗ್ಗಿಸಿರಲಿಲ್ಲ.